ಮಿಡತೆ ಹಗ್ಗ ಎಳೆದ ವರ್ಷ

ಹೆಂಚಿನ ಕಾರ್ಖಾನೆಯ ವಸತಿ,
ಶಾಲೆಯ ಹಿಂದಿನ ಮನೆ,
ಸೋಮವಾರ, ಫೆಬ್ರವರಿ ೧೭

ಪ್ರೀತಿಯ ಮಗಳೇ,

ನೀರಿನ ಮೇಲಿರುವ ನಿನಗೆ ನೆಲದ ಮೇಲಿರುವ ಅಪ್ಪನ ಆಶೀರ್ವಾದ. ಮೊದಲು ಹೇಳು, ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ, ಇಲ್ಲ ಇನ್ನೂ ಕಂಬಿ ಹಿಡಿದು ನಿಂತು ಸಮುದ್ರಕ್ಕೇ ಊಟ ಬಡಿಸುತ್ತಿದ್ದೀಯೋ? ಪಾಳಿ ಮುಗಿದ ಮೇಲೆ ಸರಿಯಾಗಿ ನಿದ್ದೆ ಮಾಡು. ಡಬ್ಬಿ ತರಕಾರಿ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿರಬೇಕು, ಬಂದರು ಸಿಕ್ಕಿದಾಗಲೆಲ್ಲ ಹಣ್ಣು ಕೊಂಡುಕೋ ಎಂದು ನಿನ್ನ ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಾಳೆ. ಅವಳ ಕೂಗು ಅಂಚೆಯ ಹಂಗಿಲ್ಲದೆ ನಿನಗೆ ತಲುಪಿದರೂ ತಲುಪೀತು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಇಷ್ಟು ವರ್ಷ ಈ ಸಾಲನ್ನು ರೂಢಿಗೆ ಬರೆಯುತ್ತಿದ್ದೆ. ಈ ಸಲ ಮನೆಮಂದಿಯ ರಕ್ತವನ್ನೆಲ್ಲ ಪರೀಕ್ಷೆ ಮಾಡಿಸಿ ಬರೆಯುತ್ತಿದ್ದೇನೆ.

ಅಕ್ಷರ ಡೊಂಕಾಗಿದೆ ಎಂದು ನಗಬೇಡ. ಎರಡೂ ಅಂಗೈ ಸಿಪ್ಪೆ ಸುಲಿದಿದೆ. ಮೊನ್ನೆ ಪಂದ್ಯ ನಡೆಯುವಾಗ ಜನ ಒಳಗೆ ನುಗ್ಗದಿರಲೆಂದು ಮೈದಾನದ ಅಂಚಿಗೆ ಹಗ್ಗ ಕಟ್ಟಿದ್ದರು. ಮಕ್ಕಳು ಅತ್ತ ಎಳೆಯುತ್ತಿದ್ದರೆ ಇತ್ತ ನಾನು ಅದನ್ನು ಹಿಡಿದು ಎಳೆದೆನಂತೆ. ನನಗೆ ನೆನಪಿಲ್ಲ. ಗೂಟ ಕಿತ್ತು ಬಂದು ಪಕ್ಕದವರ ಕಾಲ ಮೇಲೆ ಬಿದ್ದದ್ದು ಮಾತ್ರ ನೆನಪಿದೆ. ಇರಲಿ, ವಿಷಯಕ್ಕೆ ಬರುತ್ತೇನೆ. ನಾವು ಗೆದ್ದೆವು, ಮಗಳೇ! ಶಾಲೆಗಳ ಹಗ್ಗಜಗ್ಗಾಟದಲ್ಲಿ ನಮ್ಮ ಹೆಂಚಿನ ಕಾರ್ಖಾನೆ ಶಾಲೆಯ ಹೆಣ್ಣುಮಕ್ಕಳು ಮೇಲುಪೇಟೆ ಶಾಲೆಯವರನ್ನು ಎಳೆದು ಹಾಕಿದರು. ಮುಖ್ಯೋಪಾಧ್ಯಾಯಿನಿ ಇವತ್ತು ರಜೆ ಕೊಟ್ಟಿದ್ದಾರೆ. ಅದಕ್ಕೇ ಬೆಳಗಿನ ಹೊತ್ತು ಕುಳಿತು ಇಷ್ಟುದ್ದದ ಕಾಗದ ಬರೆಯಲು ಬಿಡುವಾಗಿದೆ.

ಕಳೆದ ವರ್ಷ ಇದೇ ಪಂದ್ಯದಲ್ಲಿ ಏನಾಯಿತೆಂದು ನಿನಗೆ ಬರೆದಿರಲಿಲ್ಲ. ದೂರದಲ್ಲಿರುವವಳಿಗೆ ಗಾಬರಿ ಯಾಕೆ, ಎಲ್ಲ ನೆಟ್ಟಗಾದ ಮೇಲೆ ಬರೆದರಾಯಿತು ಎಂದು ನಿನ್ನ ಅಮ್ಮನ ಅಪ್ಪಣೆಯಾಗಿತ್ತು. ಈಗ ಹೇಳಬಹುದು. ಆವತ್ತು ಸೀಟಿ ಊದಿದ್ದೇ ತಡ, ನಮ್ಮ ಮಕ್ಕಳು ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಹಗ್ಗದ ಜೊತೆಗೇ ಹಾರಿಹೋದರು. ಎಲ್ಲರಿಗಿಂತ ಮುಂದೆ ನಿಂತಿದ್ದವಳು ನಿನ್ನ ಅಣ್ಣನ ಮಗಳು, ನಮ್ಮ ಮಿಡತೆ. ಅವಳ ಹಟ ನಿನಗೆ ಗೊತ್ತಲ್ಲ, ಗೆರೆ ದಾಟಿದ ಮೇಲೂ ಕೈ ಬಿಡಲಿಲ್ಲ. ಹಾಗೇ ಮುಖ ಅಡಿಯಾಗಿ ಬಿದ್ದಳು, ಮತ್ತೆ ಏಳಲಿಲ್ಲ. ತುಟಿ ಸುಣ್ಣದ ಹಾಗೆ ಬಿಳಿಚಿತ್ತು. ತೀರ್ಪುಗಾರರು, ಗಿರಿಜಾ ಮೀಸೆಯ ಆ ಎತ್ತರದ ಮನುಷ್ಯ, ಅವಳನ್ನು ಒಂದೇ ತೋಳಲ್ಲಿ ಎತ್ತಿಕೊಂಡು ನೆರಳಿಗೆ ಓಡಿದರು. ಹನ್ನೊಂದು ತುಂಬಿದ ಹುಡುಗಿ ಒಂದೇ ತೋಳಿಗೆ ಬರುವಷ್ಟು ಹಗುರ! ಅವಳು ಕಣ್ಣು ಬಿಡುವಷ್ಟರಲ್ಲಿ ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿದ್ದೆ.

ಕಾರ್ಖಾನೆಯ ಹಳೆ ಡಾಕ್ಟರು ಬಂದು ನಾಡಿ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇವರಪ್ಪ ಅಮ್ಮ, ಅಜ್ಜ ಅಜ್ಜಿ, ಎಲ್ರೂ ಹೀಗೇ. ಈ ವಸತಿಯೋರ ತಳೀನೇ ಇಷ್ಟು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೀನು ಹುಟ್ಟಿದಾಗ ಮಳೆಯಲ್ಲಿ ನೆನೆದುಕೊಂಡು ಬಂದವರು ಅವರೇ. ವಸತಿಯ ಜನರೂ ಅದನ್ನೇ ನಂಬಿದ್ದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಜೇಡಿಮಣ್ಣು ಅಗೆಯುವವರ ಮಕ್ಕಳು ಗಿಡ್ಡ, ಪೇಲವ, ಬೇಗ ಏದುಸಿರು, ಅದು ಹಣೆಬರಹ. ಹಣೆಬರಹಕ್ಕೆ ಕಸರತ್ತು ಹೇಳಿಕೊಡಲು ನನ್ನಂಥ ಡ್ರಿಲ್ ಮೇಷ್ಟ್ರಿಗಾದರೂ ಆಗುತ್ತದೆಯೇ?

ಅವರು ನಿವೃತ್ತರಾದ ಮೇಲೆ ಬಂದವಳು ಒಬ್ಬ ಚಿಕ್ಕ ಡಾಕ್ಟರಮ್ಮ. ನಿನ್ನದೇ ವಯಸ್ಸು, ನಿನ್ನ ಹಾಗೇ ಮಾತಿನ ಮಲ್ಲಿ. ಮಿಡತೆ ಬಿದ್ದ ಕಥೆ ಕೇಳಿ ಸೈಕಲ್ ಹತ್ತಿ ಶಾಲೆಗೇ ಬಂದಳು. ನಾನು ಹಳೆ ಡಾಕ್ಟರ ಮಾತನ್ನು ಒಪ್ಪಿಸಿದೆ. ಅವಳು ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತ, "ತಳಿ ವಿಚಾರ ಆಮೇಲೆ ನೋಡೋಣ ಮೇಷ್ಟ್ರೇ. ಮೊದ್ಲು ಇವ್ರ ಹೊಟ್ಟೇಲಿ ಯಾರ್ಯಾರು ಬಾಡಿಗೆಗಿದಾರೆ ನೋಡೋಣ" ಎಂದಳು. ಮರುದಿನ ಮಕ್ಕಳ ಕೈಗೆಲ್ಲ ಒಂದೊಂದು ಪುಟ್ಟ ಡಬ್ಬಿ. ಅದರಲ್ಲಿ ಏನು ತರಬೇಕೆಂದು ತಿಳಿದಾಗ ತರಗತಿಯಲ್ಲಿ ಎದ್ದ ನಗು ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ಬೆರಳಿನಿಂದ ಒಂದು ಹನಿ ರಕ್ತವನ್ನೂ ಕೇಳಿದಾಗ ಮಾತ್ರ ತಾಯಂದಿರು ಬಾಗಿಲಿಗೆ ಬಂದು ನಿಂತರು. ಈ ಹುಡುಗಿ ನಮ್ಮ ಮಕ್ಕಳ ರಕ್ತ ಮಾರಿಕೊಳ್ಳುತ್ತಾಳೆ ಎಂದು ಯಾರೋ ಕಿವಿ ಊದಿದ್ದರು. ನಿನ್ನ ಅಮ್ಮ ಎಲ್ಲರನ್ನೂ ಸರಿಸಿಕೊಂಡು ಮುಂದೆ ಹೋಗಿ ಕೈ ಚಾಚಿದಳು. "ನಂದೇ ಮೊದ್ಲು ಚುಚ್ಚಮ್ಮ. ಮಾರೋದಾದ್ರೆ ನಂದೇ ಮೊದ್ಲು ಮಾರು, ಯಾವನು ಕೊಳ್ತಾನೋ ನಾನೂ ನೋಡ್ತೀನಿ!" ತಾಯಂದಿರು ನಕ್ಕರು. ನಕ್ಕ ಮೇಲೆ ಜಗಳ ಆಡುವುದು ಕಷ್ಟ.

ಒಂದು ದಿನ ಡಾಕ್ಟರಮ್ಮ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೊಕ್ಕೆಹುಳುವಿನ ಮೊಟ್ಟೆಗಳು, ಮಗಳೇ. ಗಾಜಿನ ಗುಂಡಿನಷ್ಟು ನುಣುಪು, ನೋಡಲು ಎಷ್ಟು ಚೆಂದವೋ ಅಷ್ಟು ಹೇಸಿಗೆ. ನಮ್ಮ ಮಕ್ಕಳಲ್ಲಿ ಮುಕ್ಕಾಲುಪಾಲಿಗೆ ಅದಿತ್ತು. ಮಣ್ಣಿನ ಹೊಂಡದ ಸುತ್ತ ಜನ ಬಯಲಿಗೆ ಹೋಗುತ್ತಾರೆ, ಮಕ್ಕಳು ಅಲ್ಲೇ ಬರಿಗಾಲಲ್ಲಿ ಕುಣಿಯುತ್ತಾರೆ, ಮರಿಹುಳು ಅಂಗಾಲಿನಿಂದಲೇ ಒಳಗೆ ನುಗ್ಗಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತ ಕೂರುತ್ತದೆ. ಹುಳು ಹೀರಿದ್ದನ್ನು ತುಂಬಿಕೊಡುವಂಥ ಊಟವಾದರೂ ಇದೆಯೇ ಎಂದರೆ, ಶಾಲೆಯಲ್ಲಿ ಅನ್ನ, ನೀರಿನಂಥ ಸಾರು, ಮೇಲೆ ಒಂದು ಲೋಟ ಚಹಾ. ಬಿಸಿಬಿಸಿ ಚಹಾ ಕೊಟ್ಟರೆ ಮಕ್ಕಳಿಗೆ ಹಿತವೆಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು. "ಊಟದಲ್ಲಿರೋ ಚೂರುಪಾರು ಕಬ್ಬಿಣನೂ ಈ ಚಹಾ ಮೈಗೆ ಹತ್ತೋಕೆ ಬಿಡಲ್ಲ ಮೇಷ್ಟ್ರೇ. ಒಂದು ಕಡೆ ತುಂಬಿಸ್ತೀರಿ, ಇನ್ನೊಂದು ಕಡೆ ತೂತು ಬಿಟ್ಟಿದ್ದೀರಿ" ಎಂದಳು. ನಾನು ಲೋಟ ಕೆಳಗಿಟ್ಟೆ. ನನ್ನ ಕೈಯಲ್ಲಿ ಆಗ ಇದ್ದದ್ದೂ ಚಹಾ.

ಆಮೇಲೆ ನಡೆದದ್ದನ್ನೆಲ್ಲ ಬರೆದರೆ ಹಡಗೇ ಮುಳುಗೀತು. ಎಲ್ಲ ಮಕ್ಕಳಿಗೂ ಒಂದೇ ದಿನ ಹುಳುವಿನ ಗುಳಿಗೆ, ಆರು ತಿಂಗಳಿಗೆ ಮತ್ತೆ. ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ. ಅಡುಗೆಗೆ ಬೇಳೆ, ಸೊಪ್ಪು, ಮೊಟ್ಟೆ, ಮೇಲೆ ಹಿಂಡಲು ನಿಂಬೆಹಣ್ಣು. ಚಹಾ ಕೊಡದ ಮೊದಲ ದಿನ ಮಕ್ಕಳು ಲೋಟ ಬಡಿದು ಮುಷ್ಕರ ಹೂಡಿದರು, ಮುಂದಾಳು ನಮ್ಮ ಮಿಡತೆಯೇ. ಕಾಲಿಗೆ ಚಪ್ಪಲಿ ಹಾಕಿಸುವುದು ಅದಕ್ಕಿಂತ ದೊಡ್ಡ ಯುದ್ಧ; ಮನೆಯಿಂದ ಹೊರಡುವಾಗ ಕಾಲಲ್ಲಿ ಇರುತ್ತಿದ್ದವು, ಹೊಂಡ ಬಂದಾಗ ಕೈಗೆ ಬರುತ್ತಿದ್ದವು. ಆದರೆ ಹೊಂಡದ ಹತ್ತಿರ ಶೌಚಾಲಯ ಕಟ್ಟದೆ ಈ ಗುಳಿಗೆ ಚಪ್ಪಲಿ ಯಾವುದೂ ಬಾಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ವಿಷಯ ಮ್ಯಾನೇಜರ ಮೇಜಿಗೆ ಹೋಯಿತು. ನಾಳೆ ನೋಡೋಣ, ನಾಡಿದ್ದು ನೋಡೋಣ. ಕೊನೆಗೆ ತಾಯಂದಿರೆಲ್ಲ ಕೆಲಸ ಬಿಟ್ಟು ಅವರ ಕಚೇರಿಯ ಅಂಗಳದಲ್ಲಿ ಕುಳಿತರು. ನಿನ್ನ ಅಮ್ಮ ಎದ್ದು ನಿಂತು, "ಸಾಹೇಬ್ರೇ, ಊರಿಗೆಲ್ಲ ಸೂರು ಹೊದಿಸಿರೋದು ನಮ್ಮ ಹೆಂಚು. ನಮಗೆ ನಾಲ್ಕು ಗೋಡೆ ಕಟ್ಟಿಕೊಡಿ ಸಾಕು, ಮೇಲೆ ನಾವೇ ಹೊದಿಸ್ಕೋತೀವಿ" ಎಂದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಹೂಂ ಎಂದರು. ಗೋಡೆ ಎದ್ದಿತು. ಹೊದಿಸಿದ ಹೆಂಚು ಕಾರ್ಖಾನೆಯ ಅತ್ಯುತ್ತಮ ಹೆಂಚು. ಭಟ್ಟಿಯಲ್ಲಿ ಕೆಲಸ ಮಾಡುವ ನಿನ್ನ ಅಣ್ಣನೇ ಆರಿಸಿದ್ದು.

ಬದಲಾವಣೆ ಮೊದಲು ಕಂಡದ್ದು ನನಗಲ್ಲ, ದರ್ಜಿಗೆ. "ಏನು ಮೇಷ್ಟ್ರೇ, ಸಮವಸ್ತ್ರದ ಮಡಿಕೆ ಬಿಚ್ಚಿ ಬಿಚ್ಚಿ ನನ್ನ ಬೆರಳು ಸವೆದೋಯ್ತು. ಏನು ಹಾಕ್ತಿದೀರಿ ಈ ಮಕ್ಕಳಿಗೆ, ಗೊಬ್ಬರಾನಾ?" ಎಂದು ಕೇಳಿದ. ಆಮೇಲೆ ನೋಡುತ್ತೇನೆ, ಕೊನೆಯ ಬೆಂಚಿನಲ್ಲಿ ತೂಕಡಿಸುವವರು ಯಾರೂ ಇಲ್ಲ. ಮೈದಾನ ಸುತ್ತಿ ಬಂದವರು ಕುಸಿದು ಕೂರದೆ "ಇನ್ನೊಂದು ಸುತ್ತು ಸಾರ್?" ಎನ್ನುತ್ತಾರೆ. ಉಗುರು, ತುಟಿ, ಕಿವಿಯ ಹಾಲೆ, ಎಲ್ಲಕ್ಕೂ ಬಣ್ಣ ಬಂದಿತ್ತು. ಬಣ್ಣ ಹಾಕದೆ ಬಿಟ್ಟಿದ್ದ ಚಿತ್ರವನ್ನು ಯಾರೋ ಕುಳಿತು ಮುಗಿಸಿದ ಹಾಗೆ.

ಮಿಡತೆಯೊಬ್ಬಳನ್ನು ಬಿಟ್ಟು. ಅವಳೂ ಚುರುಕಾದಳು, ಎತ್ತರವೂ ಆದಳು, ತಲೆ ಸುತ್ತುವುದು ನಿಂತಿತು. ಆದರೆ ಮಿಕ್ಕವರ ರಕ್ತದ ಅಂಶ ಪರೀಕ್ಷೆಯಲ್ಲಿ ಏರುತ್ತ ಹೋದರೆ ಅವಳದು ಒಂದು ಮೆಟ್ಟಿಲು ಕೆಳಗೇ ನಿಂತುಬಿಟ್ಟಿತು. ನಿನ್ನ ಅಮ್ಮ ಅವಳ ತಟ್ಟೆಗೆ ಕದ್ದು ಎರಡನೆಯ ಮೊಟ್ಟೆ ಹಾಕಿದಳು, ಉಪಯೋಗವಿಲ್ಲ. ನಿನ್ನ ಅತ್ತಿಗೆ ಅಳುವುದೊಂದು ಬಾಕಿ. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ನಿಲ್ಲಿಸಿ, ಬೇರೊಂದು ಪರೀಕ್ಷೆಗೆ ರಕ್ತವನ್ನು ದೊಡ್ಡಾಸ್ಪತ್ರೆಗೆ ಕಳಿಸಿದಳು. ಉತ್ತರ ಬರುವ ತನಕ ನಿನ್ನ ಅಣ್ಣ ಭಟ್ಟಿಯಿಂದ ಬಂದವನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ಅವಳ ಕೂದಲು ಸವರುತ್ತಿದ್ದ.

ಉತ್ತರದಲ್ಲಿದ್ದ ಹೆಸರು ಥಲಸೀಮಿಯಾ. ಕೇಳಿದರೆ ನೀನು ಹೋಗುವ ಯಾವುದೋ ಬಂದರಿನ ಹೆಸರಿನ ಹಾಗಿದೆ. ಹೆದರಬೇಡ, ನಾವು ಹೆದರಿದ್ದು ಸಾಕು. ಅವಳಿಗೆ ಕಾಯಿಲೆ ಇಲ್ಲ, ಕಾಯಿಲೆಯ ಅರ್ಧ ಪಾಲನ್ನು ಹೊತ್ತವಳು ಅಷ್ಟೇ. ಕೆಂಪು ಕಣಗಳು ಹುಟ್ಟಿನಿಂದಲೇ ಕೊಂಚ ಪುಟ್ಟವು. ಕಬ್ಬಿಣ ತಿಂದರೆ ದೊಡ್ಡವಾಗುವುದಿಲ್ಲ, ಅವಳು ಬಾಳಿ ಬದುಕುವುದಕ್ಕೆ ಅವು ಅಡ್ಡಿಯೂ ಆಗುವುದಿಲ್ಲ. ಇದು ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕು ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನಾನು ಮೀಸೆಯ ಮೇಲೆ ಕೈಯಾಡಿಸಿ, ನಮ್ಮ ಮನೆತನದ ರಕ್ತ ಉಕ್ಕು, ಬೇಕಾದರೆ ನೋಡಿ ಎಂದು ತೋಳು ಚಾಚಿದೆ. ನೋಡಿದರು. ನಿನ್ನ ಅತ್ತಿಗೆಯಲ್ಲಿ ಇಲ್ಲ. ನಿನ್ನ ಅಮ್ಮನಲ್ಲಿ ಇಲ್ಲ. ನಿನ್ನ ಅಣ್ಣನಲ್ಲಿದೆ. ಮತ್ತೆ ಉಕ್ಕಿನ ಮೇಷ್ಟ್ರಲ್ಲಿದೆ!

ನಿನ್ನ ಅಮ್ಮನ ಸಂಭ್ರಮ ನೀನು ನೋಡಬೇಕಿತ್ತು. "ಮದುವೆಯಾದಾಗಿಂದ ನನ್ನ ತವರಿನೋರ ರಕ್ತ ತೆಳು ಅಂತಿದ್ರಲ್ಲ, ಈಗ ಹೇಳಿ" ಎಂದು ಮೂರು ಮನೆಗೆ ಕೇಳುವ ಹಾಗೆ ಹೇಳಿದಳು. ನಾನು ಒಂದೆರಡು ದಿನ ಡ್ರಿಲ್‌ನಲ್ಲಿ ಸೀಟಿಯನ್ನು ಕೂಡ ಮೆಲ್ಲಗೆ ಊದಿದೆ. ಡಾಕ್ಟರಮ್ಮ ಅದನ್ನು ಗಮನಿಸಿ ಪಕ್ಕಕ್ಕೆ ಕರೆದು, "ನಾಚಿಕೆ ಯಾಕೆ ಮೇಷ್ಟ್ರೇ? ಹಿಂದೆ ಮಲೇರಿಯಾ ಇದ್ದ ಕಡೆಯೆಲ್ಲ ಇಂಥ ರಕ್ತದೋರೇ ಸ್ವಲ್ಪ ಜಾಸ್ತಿ ಉಳ್ಕೊಂಡ್ರು ಅಂತಾರೆ. ನಿಮ್ಮ ಮುತ್ತಜ್ಜಿನ ಉಳಿಸಿದ್ದೂ ಇದೇ ಇರಬಹುದು, ಇಲ್ಲದೇನೂ ಇರಬಹುದು. ಆದ್ರೆ ಬೈಬೇಡಿ ಅದನ್ನ" ಎಂದಳು. ಹಳೆ ಡಾಕ್ಟರು ತಳಿಯ ವಿಚಾರದಲ್ಲಿ ಪೂರ್ತಿ ತಪ್ಪಿರಲಿಲ್ಲ ನೋಡು. ವಂಶದಿಂದ ಬಂದದ್ದು ಇತ್ತು, ಆದರೆ ನಮ್ಮ ಮಕ್ಕಳನ್ನು ನೆಲಕ್ಕೆ ಕೆಡವಿದ್ದು ಅದಲ್ಲ. ಕೆಡವಿದ್ದು ಅಂಗಾಲಿನಿಂದ ಒಳಗೆ ಬಂದದ್ದು ಮತ್ತು ತಟ್ಟೆಗೆ ಬಾರದೆ ಹೋದದ್ದು.

ಈ ವರ್ಷದ ತಂಡ ಕಟ್ಟುವಾಗ ಮನೆಯಲ್ಲಿ ಮತ್ತೆ ರಾಮಾಯಣ. ಮಿಡತೆ ಬೇಡ ಎಂದು ನಿನ್ನ ಅಮ್ಮ, ಬೇಡವೇ ಬೇಡ ಎಂದು ನಿನ್ನ ಅತ್ತಿಗೆ. ಧಾರಾಳವಾಗಿ ಎಳೆಯಲಿ ಎಂದು ಡಾಕ್ಟರಮ್ಮ ಹೇಳಿದ್ದರೂ ಕಳೆದ ವರ್ಷದ ಆ ಬಿಳಿಚಿದ ತುಟಿ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅವಳನ್ನು ನೀರು ಕೊಡುವ ಕೆಲಸಕ್ಕೆ ಹಾಕುತ್ತೇನೆಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಜ್ಜ, ನಿಂದೂ ಇದೇ ರಕ್ತ ತಾನೇ? ನೀನು ಇಷ್ಟು ವರ್ಷ ನೀರು ಕೊಡೋ ಕೆಲಸ ಮಾಡಿದ್ಯಾ?" ಅವಳ ಹೆಸರನ್ನು ಮೊದಲು ಬರೆದುಕೊಂಡೆ.

ಮೊನ್ನೆ ಮೈದಾನಕ್ಕೆ ಇಳಿದದ್ದೇ ಒಂದು ಗಲಾಟೆ. ಮೇಲುಪೇಟೆಯ ಡ್ರಿಲ್ ಮೇಷ್ಟ್ರು ನಮ್ಮ ಮಕ್ಕಳನ್ನು ಮೇಲಿಂದ ಕೆಳಗೆ ನೋಡಿ ಸೀದಾ ತೀರ್ಪುಗಾರರ ಬಳಿ ಹೋದರು. "ಇದು ಮೋಸ! ಹೋದ ವರ್ಷ ಬಂದಿದ್ದ ಮಕ್ಕಳಲ್ಲ ಇವರು. ದೊಡ್ಡ ಹುಡುಗೀರ್ನ ತಂದು ನಿಲ್ಸಿದಾರೆ!" ಮಗಳೇ, ನಾನು ಇಷ್ಟು ವರ್ಷಗಳಲ್ಲಿ ಬಹುಮಾನದ ಬಟ್ಟಲು ಗೆದ್ದಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆದರೆ ಆ ಬೈಗುಳದಷ್ಟು ಸಿಹಿಯಾದ ಮಾತನ್ನು ಕೇಳಿರಲಿಲ್ಲ. ಸಿಟ್ಟು ಬರಬೇಕಾದಲ್ಲಿ ನಗು ಬರುತ್ತಿತ್ತು. ಅದೇ ಗಿರಿಜಾ ಮೀಸೆಯವರೇ ಈ ವರ್ಷವೂ ತೀರ್ಪುಗಾರರು. ಸಾಲಿನ ಉದ್ದಕ್ಕೂ ಮುಖ ನೋಡುತ್ತ ಬಂದು ಮಿಡತೆಯ ಮುಂದೆ ನಿಂತರು. "ನಿನ್ನ ಹೋದ ವರ್ಷ ನಾನೇ ಎತ್ಕೊಂಡು ಓಡಿದ್ದೆ ಅಲ್ವೇನಮ್ಮ?" "ಹೌದು ಸಾರ್. ಈ ಸಲ ಎತ್ತೋಕೆ ಹೋಗ್ಬೇಡಿ, ಸೊಂಟ ಹಿಡ್ಕೊಳ್ಳುತ್ತೆ" ಎಂದಳು ಇವಳು. ಮೈದಾನವೆಲ್ಲ ಗೊಳ್ಳೆಂದಿತು. ಅವರು ಮೀಸೆಯ ಕೆಳಗೇ ನಕ್ಕು, "ಅದೇ ಮಕ್ಕಳು. ಹಗ್ಗ ಹಿಡೀರಿ" ಎಂದರು.

ಮೊದಲ ಎಳೆತ ಬಹಳ ಹೊತ್ತು ನಡೆಯಿತು. ಎರಡೂ ಕಡೆ ಹಿಮ್ಮಡಿ ನೆಲದಲ್ಲಿ ಹೂತು, ಹಗ್ಗದ ನಡುವಿನ ಕೆಂಪು ಬಟ್ಟೆ ನಡುಗುತ್ತ ನಿಂತಲ್ಲೇ ನಿಂತಿತು. ಮೇಲುಪೇಟೆಯವರು ಗಟ್ಟಿ ಮಕ್ಕಳು, ಸುಮ್ಮನೆ ಬಿಟ್ಟುಕೊಡುವವರಲ್ಲ. ನಮ್ಮ ಸಾಲು ಅರ್ಧ ಹೆಜ್ಜೆ ಜಾರಿದಾಗ ಮಿಡತೆ ಹಿಂದೆ ತಿರುಗದೆ "ಕೂತ್ಕೊಂಡು ಎಳೀರೇ!" ಎಂದು ಕೂಗಿದಳು. ಎಲ್ಲರೂ ಒಟ್ಟಿಗೆ ಸೊಂಟ ತಗ್ಗಿಸಿದರು. ಕೆಂಪು ಬಟ್ಟೆ ಈ ಕಡೆ ಬಂತು, ಇನ್ನೂ ಬಂತು, ಗೆರೆ ದಾಟಿತು. ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಮಕ್ಕಳ ಉಸಿರು ಮುಗಿದಿತ್ತು, ನಮ್ಮವರದು ಇನ್ನೂ ಉಳಿದಿತ್ತು. ನಿನ್ನ ಅಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದ. ನಿನ್ನ ಅಮ್ಮ ಮೇಲುಪೇಟೆಯ ಮೇಷ್ಟ್ರಿಗೂ ನಿಂಬೆಹಣ್ಣಿನ ಪಾನಕ ಕೊಟ್ಟು, "ಚಹಾ ಕುಡಿಸ್ಬೇಡಿ ಮಕ್ಕಳಿಗೆ" ಎಂದು ಬುದ್ಧಿವಾದವನ್ನೂ ಬಡಿಸಿದಳು.

ಹಳೆ ಡಾಕ್ಟರೂ ಕೋಲೂರಿಕೊಂಡು ಬಂದಿದ್ದರು. ಮಕ್ಕಳನ್ನೆಲ್ಲ ಹತ್ತಿರ ಕರೆದು ಒಬ್ಬೊಬ್ಬಳ ಕಣ್ಣರೆಪ್ಪೆ ಎಳೆದು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಮೂವತ್ತು ವರ್ಷ ನಾಲಿಗೆ ನೋಡಿದೆ, ನಾಡಿ ನೋಡಿದೆ ಮೇಷ್ಟ್ರೇ. ಒಂದ್ಸಲ ಇವರ ಕಾಲ ಕಡೆ ನೋಡ್ಬೇಕಿತ್ತು" ಎಂದರು. ಡಾಕ್ಟರಮ್ಮ ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಮಕ್ಕಳ ನಡುವೆ ಫೋಟೊಗೆ ನಿಲ್ಲಿಸಿದಳು. ಅದರ ಒಂದು ಪ್ರತಿ ಈ ಕಾಗದದ ಜೊತೆಗಿದೆ. ಎಡಗಡೆ ಹಲ್ಲೆಲ್ಲ ಬಿಟ್ಟುಕೊಂಡು ನಿಂತಿರುವವಳೇ ಮಿಡತೆ, ಗುರುತು ಸಿಗದಿದ್ದರೆ ತಪ್ಪು ನಿನ್ನದಲ್ಲ.

ಅಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಮಿಡತೆ ಅತ್ತೆಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಹಡಗಿನ ದಪ್ಪ ಹಗ್ಗದ ಒಂದು ತುಂಡು ಬೇಕಂತೆ. ಅಮ್ಮನ ಆಶೀರ್ವಾದ ನನ್ನದಕ್ಕಿಂತ ಒಂದು ಹಿಡಿ ಹೆಚ್ಚೇ ಎಂದು ಬರೆಯಬೇಕಂತೆ, ಬರೆದಿದ್ದೇನೆ. ಗಾಳಿ ಎತ್ತಲಿಂದ ಬೀಸಿದರೂ ನೀನು ನಗುತ್ತಿರು.

ನಿನ್ನ ಅಪ್ಪ,
ಉಕ್ಕಿನವನಲ್ಲದಿದ್ದರೂ ಗಟ್ಟಿಯಾಗಿಯೇ ಇರುವ
ಡ್ರಿಲ್ ಮೇಷ್ಟ್ರು

ಮರುಬರಹ: ಅಂಚೆಯಣ್ಣ ಬಾಗಿಲಲ್ಲಿ ಬೆಲ್ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ಕಾಗದದಲ್ಲಿ ನೀನು ನಿಮ್ಮ ಹಡಗಿನ ವೈರ್‌ಲೆಸ್ ಹುಡುಗನ ವಿಷಯ ಬರೆದು ನನ್ನ ಒಪ್ಪಿಗೆ ಕೇಳಿದ್ದೆ. ನಾನು ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ, ಈ ರಕ್ತದ ವಿಷಯ ನಿನಗೆ ಹೇಗೆ ಹೇಳುವುದೆಂದು ತಿಳಿಯದೆ. ನನ್ನಲ್ಲಿರುವುದು ನಿನ್ನಲ್ಲೂ ಇರಬಹುದು, ಇಲ್ಲದಿರಬಹುದು, ನಾಣ್ಯ ಚಿಮ್ಮಿದ ಹಾಗೆ. ಮುಂದಿನ ಬಂದರಿನಲ್ಲಿ ಇಬ್ಬರೂ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಒಬ್ಬರಲ್ಲಿ ಮಾತ್ರ ಇದ್ದರೆ ಚಿಂತೆಯೇ ಇಲ್ಲ. ಇಬ್ಬರಲ್ಲೂ ಇದ್ದರೆ ಹುಟ್ಟುವ ಮಗುವಿಗೆ ಪೂರ್ತಿ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಅದಕ್ಕೂ ಮೊದಲೇ ತಿಳಿದುಕೊಂಡು ನಡೆಯುವ ದಾರಿಗಳಿವೆಯಂತೆ, ಡಾಕ್ಟರಮ್ಮ ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳುತ್ತಾಳೆ. ಅವನ ಕುಲ, ಮನೆತನ ಯಾವುದನ್ನೂ ನಾನು ಕೇಳುವುದಿಲ್ಲ. ಇದೊಂದೇ ನನ್ನ ಷರತ್ತು, ಉತ್ತರ ಏನೇ ಬಂದರೂ ಮದುವೆ ಈ ಮನೆಯ ಅಂಗಳದಲ್ಲೇ. ನನ್ನನ್ನು ‘ಸರ್’ ಎನ್ನದೆ ‘ಮಾವ’ ಎನ್ನುವುದನ್ನು ಅವನಿಗೆ ಈಗಿನಿಂದಲೇ ಕಲಿಸು.